ರಂಗಶಂಕರದ ಅಕ್ಕಿ ರೊಟ್ಟಿ ಮತ್ತು ತರಗತಿಯ ಒಂದು ಪ್ರಶ್ನೆ

ಆರನೆಯ ತರಗತಿಗೆ ನನ್ನ ಮೂರನೆಯ ಅಭ್ಯಾಸ ಪಾಠ ‘ಆಹಾರದ ಘಟಕಗಳು’. ಅಕ್ಕಿ, ಗೋಧಿ ಎರಡರಲ್ಲೂ ಪಿಷ್ಟವಿದೆ ಎಂದು ಬರೆಸಿದೆ. “ಹಾಗಾದ್ರೆ ಅಕ್ಕಿ ಹಿಟ್ಟನ್ನ ಚಪಾತಿ ಥರ ಯಾಕೆ ಲಟ್ಟಿಸೋಕಾಗಲ್ಲ ಮಿಸ್?” ಎಂದು ಒಬ್ಬ ಹುಡುಗಿ ಕೇಳಿದಳು. “ಅದು ಪಾಠದಲ್ಲಿಲ್ಲ, ಕೂತ್ಕೋ” ಎಂದೆ. ವೀಕ್ಷಕರು ಆ ಮಾತನ್ನೇ ಗುರುತು ಹಾಕಿಕೊಂಡರು.

ಆ ವಾರ ಸಹಪಾಠಿಗಳೊಂದಿಗೆ ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿದ್ದೆ. ಶಂಕರ್ ನಾಗ್ ನೆನಪಿನಲ್ಲಿ 2004ರಲ್ಲಿ ಆರಂಭವಾದ ಈ ರಂಗಮಂದಿರಕ್ಕೆ ಹಲವು ಭಾಷೆಗಳ ನಾಟಕಗಳು ಬರುತ್ತವೆ. ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಹಾಗಾಗಿ ಬೇಗ ಹೋಗಿ ಅಲ್ಲಿಯ ಕೆಫೆಯಲ್ಲಿ ಕುಳಿತೆವು. ತಟ್ಟೆಗೆ ಬಂದ ಅಕ್ಕಿ ರೊಟ್ಟಿಯ ಮೇಲೆ ತಟ್ಟಿದ ಬೆರಳುಗಳ ಗುರುತಿತ್ತು. ಹುಡುಗಿಯ ಪ್ರಶ್ನೆ ನೆನಪಾಯಿತು.

ಗೋಧಿಯ ಪ್ರೋಟೀನುಗಳು ನೀರು ಸೇರಿಸಿ ನಾದಿದಾಗ ಗ್ಲುಟೆನ್ ಎಂಬ ಹಿಗ್ಗುವ ಜಾಲವಾಗುತ್ತವೆ. ಅಕ್ಕಿಯಲ್ಲಿ ಹಾಗಾಗುವುದಿಲ್ಲ. ತಣ್ಣೀರಿನಲ್ಲಿ ಕಲಸಿದ ಹಿಟ್ಟು ಲಟ್ಟಿಸಿದರೆ ಬಿರಿಯುತ್ತದೆ, ಆದ್ದರಿಂದ ತಟ್ಟಬೇಕು. ಕುದಿಯುವ ನೀರಿನಲ್ಲಾದರೆ ಪಿಷ್ಟದ ಕಣಗಳು ಉಬ್ಬಿ ಅಂಟಾಗುತ್ತವೆ. ಮಲೆನಾಡಿನಲ್ಲಿ ಉಕ್ಕರಿಸಿದ ಹಿಟ್ಟಿನ ರೊಟ್ಟಿಯನ್ನು ಲಟ್ಟಿಸುವುದು ಇದರಿಂದಲೇ ಸಾಧ್ಯ.

ಮುಂದಿನ ಪಾಠಕ್ಕೆ ಮೂರು ಬಟ್ಟಲು ಇಟ್ಟೆ: ಗೋಧಿ ಹಿಟ್ಟಿಗೆ ತಣ್ಣೀರು, ಅಕ್ಕಿ ಹಿಟ್ಟಿಗೆ ತಣ್ಣೀರು, ಅಕ್ಕಿ ಹಿಟ್ಟಿಗೆ ಬಿಸಿನೀರು. ಬಿಸಿನೀರನ್ನು ನಾನೇ ಹಾಕಿದೆ. “ಆವತ್ತು ನನಗೆ ಉತ್ತರ ಗೊತ್ತಿರಲಿಲ್ಲ” ಎಂದು ಮೊದಲೇ ಒಪ್ಪಿಕೊಂಡೆ. ಮೂರನೆಯ ಹಿಟ್ಟನ್ನು ಆರಿದ ಮೇಲೆ ನಾದಿ ಲಟ್ಟಿಸಿದವಳು ಅದೇ ಹುಡುಗಿ.

ಈಗ ನನ್ನ ಪಾಠಯೋಜನೆಯ ಕೊನೆಯಲ್ಲಿ ‘ಉತ್ತರ ಬಾಕಿಯಿರುವ ಪ್ರಶ್ನೆಗಳು’ ಎಂಬ ಅಂಕಣವಿದೆ.