ಕಡಲ ಗಾಳಿ ಬೆಟ್ಟವನ್ನೇರಿದಾಗ

ಬೆಳಗ್ಗೆ ಮಲ್ಪೆಯ ಕಡಲ ದಂಡೆಯಲ್ಲಿ ಅಲೆಗಳನ್ನು ನೋಡಿ, ಅದೇ ಸಂಜೆ ಆಗುಂಬೆಯ ಮೇಲಿನಿಂದ ಸೂರ್ಯಾಸ್ತವನ್ನು ಕಾಣಲು ಹೋಗುವ ಪ್ರವಾಸಿಗಳು ಅನೇಕರು. ದಾರಿ ಸುಮಾರು 60 ಕಿಲೋಮೀಟರ್. ಏರುವ ಎತ್ತರ ಸುಮಾರು 650 ಮೀಟರ್ ಮಾತ್ರ. ಆದರೆ ಇಷ್ಟರಲ್ಲೇ ಮಳೆಯ ಪ್ರಮಾಣ ಎಷ್ಟು ಬದಲಾಗುವುದು! ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾದರೆ ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ಅಲ್ಲಿಂದ ಪೂರ್ವಕ್ಕೆ ಚಿತ್ರದುರ್ಗವನ್ನು ಮುಟ್ಟುವ ಹೊತ್ತಿಗೆ ಅದು 600ರ ಆಸುಪಾಸಿಗೆ ಇಳಿದಿರುತ್ತದೆ. ಇದಕ್ಕೆ ಕಾರಣವೇನು?

ಸೈಕಲ್ಲಿನ ಚಕ್ರದಿಂದ ಗಾಳಿಯನ್ನು ಬಿಟ್ಟಾಗ ಅದು ಬೆರಳಿಗೆ ತಣ್ಣಗೆ ತಾಕುವುದನ್ನು ನಾವೆಲ್ಲರೂ ಬಲ್ಲೆವು. ಒತ್ತಡ ಕಡಮೆಯಾದಾಗ ಗಾಳಿ ಹಿಗ್ಗುವುದು. ಹಿಗ್ಗುವ ಕೆಲಸಕ್ಕೆ ತನ್ನ ಶಾಖವನ್ನೇ ವೆಚ್ಚ ಮಾಡಿ ತಣಿಯುವುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಅರಬ್ಬೀ ಸಮುದ್ರದಿಂದ ಬೀಸುವ ಮಾರುತಕ್ಕೆ ಪಶ್ಚಿಮ ಘಟ್ಟಗಳು ಗೋಡೆಯಂತೆ ಅಡ್ಡ ನಿಂತಿವೆ. ಗಾಳಿ ಮೇಲೇರಲೇಬೇಕು. ಏರಿದಂತೆ ವಾಯುಭಾರ ಕುಗ್ಗುವುದರಿಂದ ಅದು ಹಿಗ್ಗಿ, ಕಿಲೋಮೀಟರಿಗೆ ಸುಮಾರು 10 ಅಂಶ ಸೆಲ್ಸಿಯಸ್‌ನಂತೆ ತಣಿಯತೊಡಗುತ್ತದೆ.

ಒಂದು ಘನ ಮೀಟರ್ ಗಾಳಿ 30 ಅಂಶ ಉಷ್ಣತೆಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲುದು; 20 ಅಂಶದಲ್ಲಾದರೋ ಸುಮಾರು 17 ಗ್ರಾಂ ಮಾತ್ರ. ಮಿಕ್ಕ ಆವಿ ಹನಿಗಟ್ಟಿ ಮೋಡವಾಗುವುದು. ಆಗ ಒಂದು ಕಿಲೋಗ್ರಾಂ ಆವಿಯಿಂದ ಸುಮಾರು 25 ಲಕ್ಷ ಜೂಲ್ ಗುಪ್ತೋಷ್ಣ ಹೊರಬೀಳುತ್ತದೆ. ಈ ಶಾಖದಿಂದ ತಣಿಯುವ ವೇಗ ಅರ್ಧದಷ್ಟಕ್ಕೆ ಇಳಿದು, ಗಾಳಿ ಇನ್ನೂ ಮೇಲೇರಲು ಬಲ ಪಡೆಯುವುದು. ಮೋಡವು ಎಷ್ಟೋ ಸಲ ಘಟ್ಟದ ನೆತ್ತಿಯನ್ನು ಮೀರಿ ಬೆಳೆಯುವುದು. ಅಷ್ಟೇನೂ ಎತ್ತರವಲ್ಲದ ಬೆಟ್ಟಗಳು ಇಷ್ಟೊಂದು ಮಳೆಯನ್ನು ಸುರಿಸುವ ಗುಟ್ಟು ಇದು.

ಘಟ್ಟವನ್ನು ದಾಟಿ ಕೆಳಗಿಳಿಯುವ ಗಾಳಿಯ ಪಾಡು ಇದಕ್ಕೆ ವಿರುದ್ಧ. ಅದು ಕುಗ್ಗಿ ಬಿಸಿಯಾಗುತ್ತದೆ, ಉಳಿದ ಹನಿಗಳು ಮತ್ತೆ ಆವಿಯಾಗುತ್ತವೆ, ಮೋಡ ಕರಗುತ್ತದೆ. ಆದುದರಿಂದಲೇ ಪೂರ್ವದ ಬಯಲುಸೀಮೆ ಮಳೆಯ ನೆರಳಿನಲ್ಲಿದೆ.

ಆದರೆ ಗಾಳಿ ಕೊಡದುದನ್ನು ನದಿ ತಂದುಕೊಡುತ್ತದೆ. ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವ ಮೂರು ನದಿಗಳಲ್ಲಿ ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನ ಬಳಿ ಕಡಲನ್ನು ಸೇರುತ್ತದೆ. ತುಂಗೆ ಭದ್ರೆಗಳು ಪೂರ್ವಕ್ಕೆ ಹರಿದು ಕೂಡಲಿಯಲ್ಲಿ ಒಂದಾಗಿ, ಬಳ್ಳಾರಿ ರಾಯಚೂರುಗಳ ಗದ್ದೆಗಳಿಗೆ ನೀರುಣಿಸುತ್ತವೆ. ಕಡಲನ್ನು ಕಂಡರಿಯದ ರೈತನೂ ಕಡಲ ನೀರಿನಿಂದಲೇ ಬೆಳೆ ತೆಗೆಯುತ್ತಾನೆ!

ಈ ಮಳೆಯನ್ನು ಹೀರಿ, ಮೆಲ್ಲಮೆಲ್ಲನೆ ನದಿಗೆ ಬಿಡುವುದು ಕಾಡಿನ ಮಣ್ಣು. ಮರ ಕಡಿದು ಇಳಿಜಾರನ್ನು ಕೊರೆದರೆ ನೀರು ರಭಸದಿಂದ ಹರಿದುಹೋಗುವುದು; ನೆನೆದು ಭಾರವಾದ ಮಣ್ಣು ಆಧಾರ ತಪ್ಪಿ ಜಾರುವುದು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಅದನ್ನು ತಾಳಿಕೊಳ್ಳುವ ಬೆಟ್ಟವನ್ನು ಉಳಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.