ಯಂತ್ರದ ಮುಂದೆ ನಿಂತಾಗ ಯಾವ ಭಾಷೆ?

ನೀರಿನ ಕೊಳವೆಯ ವಾಲ್ವನ್ನು ‘ಕ್ಲೋಸ್’ ಮಾಡಿದರೆ ಹರಿವು ನಿಲ್ಲುತ್ತದೆ. ವಿದ್ಯುತ್ ಫಲಕದ ಬ್ರೇಕರನ್ನು ‘ಕ್ಲೋಸ್’ ಮಾಡಿದರೆ ಹರಿವು ಆರಂಭವಾಗುತ್ತದೆ. ಪದ ಒಂದೇ, ಪರಿಣಾಮ ತದ್ವಿರುದ್ಧ. ಶಾಲೆಯಲ್ಲಿ ‘ಕ್ಲೋಸ್ ಎಂದರೆ ಮುಚ್ಚು’ ಎಂದು ಕಲಿತ, ಮನೆಯಲ್ಲಿ ನಲ್ಲಿಗೂ ದೀಪಕ್ಕೂ ‘ಬಂದ್ ಮಾಡು’ ಎಂದೇ ಹೇಳುವ ನವಲಗುಂದದ ಹುಡುಗ, ಐಟಿಐ ಮುಗಿಸಿ ಕಾರ್ಖಾನೆಗೆ ಸೇರಿದ ಮೊದಲ ವಾರ ಫಲಕದ ಮುಂದೆ ನಿಂತು ಈ ಪದ ಕೇಳಿದನೆನ್ನಿ. ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಪಡೆದವನೂ ಅಲ್ಲಿ ತಡವರಿಸಬಹುದು. ಅಂಥ ತಪ್ಪಿಗೆ ಜೀವವೇ ದಂಡವಾಗಬಹುದು.

ಉದ್ಯೋಗ ಸ್ಥಳದ ಭಾಷೆಯ ಕುರಿತು ನಮ್ಮಲ್ಲಿ ಚರ್ಚೆಗೆ ಬರವಿಲ್ಲ. ಧಾರವಾಡ ಉತ್ತರ ಕ್ಷೇತ್ರವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ್ದ ಸರೋಜಿನಿ ಮಹಿಷಿ ಅವರ ಅಧ್ಯಕ್ಷತೆಯ ಸಮಿತಿ 1986ರಲ್ಲಿ ವರದಿ ನೀಡಿದಾಗಿನಿಂದಲೂ ಸ್ಥಳೀಯರಿಗೆ ಉದ್ಯೋಗವೆಂಬುದು ರಾಜ್ಯದ ಬೇಡಿಕೆಯಾಗಿ ಉಳಿದಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ಕನ್ನಡ ಬಾರದ ಉದ್ಯೋಗಿಗಳಿಗೆ ಕನ್ನಡ ಕಲಿಸುವ ವ್ಯವಸ್ಥೆಯ ಮಾತನ್ನಾಡಿದೆ. 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿ, ಎರಡೇ ದಿನಗಳಲ್ಲಿ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯಲ್ಲಿಯೂ, ಪ್ರೌಢಶಾಲೆಯಲ್ಲಿ ಕನ್ನಡ ಓದದವರಿಗೆ ಭಾಷಾ ಪರೀಕ್ಷೆಯ ಪ್ರಸ್ತಾಪವಿತ್ತು.

ಕುಂದಗೋಳದ ಹುಡುಗನಿಗೆ ಆ ಪರೀಕ್ಷೆಯ ಅಗತ್ಯವೇ ಬೀಳದು. ಅವನ ತೊಡಕು ಶುರುವಾಗುವುದು ಗೇಟಿನ ಒಳಗೆ. ಮಳೆ ನಂಬಿದ ಕಪ್ಪು ಮಣ್ಣಿನ ಹೊಲ ಬಿಟ್ಟು ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳಿಂದ ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳಗಳಿಗೂ, ಧಾರವಾಡದಾಚೆಯ ಬೇಲೂರು, ಮುಮ್ಮಿಗಟ್ಟಿ ಕೈಗಾರಿಕಾ ಪ್ರದೇಶಗಳಿಗೂ ದುಡಿಯಲು ಹೋಗುವವರಿಗೆ ಅಲ್ಲಿ ಎದುರಾಗುವುದು ಯಂತ್ರದ ಕೈಪಿಡಿಯ ಇಂಗ್ಲಿಷು. ಎಷ್ಟೋ ವೇಳೆ ಮೇಲ್ವಿಚಾರಕನ ಹಿಂದಿ.

ಕಾನೂನು ಈ ಕಡೆ ಕಣ್ಣು ಹಾಯಿಸಿಲ್ಲವೆಂದಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 108ನೇ ಸೆಕ್ಷನ್, ಆ ಕಾಯ್ದೆಯಡಿಯ ಸೂಚನೆಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು ವಿಧಿಸಿತ್ತು. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಆದರೆ ಗೋಡೆಯ ಫಲಕ ಎಷ್ಟೇ ಶುದ್ಧ ಕನ್ನಡದಲ್ಲಿದ್ದರೂ ಬ್ರೇಕರಿನ ಮೇಲಿನ ‘ಕ್ಲೋಸ್’ ಪದದ ಅರ್ಥವನ್ನು ಅದು ಹೇಳಿಕೊಡಲಾರದು.

ಹೇಳಿಕೊಡಬೇಕಾದ ಜಾಗ ತರಬೇತಿ ಕೇಂದ್ರ. ಐಟಿಐಗಳಲ್ಲಿ ‘ಎಂಪ್ಲಾಯಬಿಲಿಟಿ ಸ್ಕಿಲ್ಸ್’ ಎಂಬ ವಿಷಯವಿದೆ. ಇಂಗ್ಲಿಷ್ ಅದರ ಒಂದು ಭಾಗ. ತೊಂದರೆಯೆಂದರೆ ಅದು ಬೇರೆಯೇ ಪಾಠ, ಬೇರೆಯೇ ಹೊತ್ತಿಗೆ. ಅಲ್ಲಿ ಹುಡುಗರು ಪರಿಚಯ ಹೇಳಿಕೊಳ್ಳಲು, ಸಂದರ್ಶನ ಎದುರಿಸಲು ಕಲಿಯುತ್ತಾರೆ. ಅತ್ತ ಕಾರ್ಯಾಗಾರದಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು 0.02 ಮಿಲಿಮೀಟರಿನ ಲೆಕ್ಕ ಮಾಡುತ್ತಾರೆ. ಅಳತೆಯನ್ನು ಜಾಬ್ ಕಾರ್ಡಿನಲ್ಲಿ ಬರೆಯುವುದು, ಯಂತ್ರ ಯಾಕೆ ನಿಂತಿತೆಂದು ಮುಂದಿನ ಪಾಳಿಯವನಿಗೆ ತಿಳಿಸುವುದು ಈ ಎರಡರ ನಡುವೆ ಎಲ್ಲೋ ಬಿದ್ದುಹೋಗುತ್ತದೆ.

ಬ್ರೇಕರಿನ ಉದಾಹರಣೆಗೇ ಮರಳೋಣ. ಫಲಕದ ಮುಂದೆ ನಿಂತ ಶಿಕ್ಷಕ, ತಂತಿಯ ಎರಡು ತುದಿಗಳು ‘ಕೂಡಿದರೆ’ ಸರ್ಕ್ಯೂಟ್ ಕ್ಲೋಸ್, ‘ಬಿಟ್ಟುಕೊಂಡರೆ’ ಓಪನ್ ಎಂದು ತೋರಿಸಿದರೆ ಗೊಂದಲ ಅಲ್ಲಿಗೇ ಹರಿಯುತ್ತದೆ. ‘ಮುಚ್ಚು’ ಎಂಬ ಅನುವಾದ ಇಲ್ಲಿ ಸುಳ್ಳು. ‘ಕೂಡಿಸು’ ಎಂಬುದೇ ನಿಜ. ವಿಷಯ ಕನ್ನಡದಲ್ಲಿ ತಿಳಿದ ಮೇಲೆ ಇಂಗ್ಲಿಷ್ ಪದ ತಾನಾಗಿ ನಿಲ್ಲುತ್ತದೆ. ಇದನ್ನು ವಿದ್ಯುತ್ ಬಲ್ಲ ಶಿಕ್ಷಕನೊಬ್ಬನೇ ಅಥವಾ ಭಾಷಾ ಶಿಕ್ಷಕನೊಬ್ಬನೇ ಮಾಡುವುದು ಕಷ್ಟ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳು 2004ರಲ್ಲಿ ‘ಐ-ಬೆಸ್ಟ್’ ಹೆಸರಿನಲ್ಲಿ ಮಾಡಿದ ಪ್ರಯೋಗ ಇದನ್ನೇ ಗುರುತಿಸಿತು. ಅಲ್ಲಿ ವೃತ್ತಿ ಶಿಕ್ಷಕರೂ ಭಾಷಾ ಶಿಕ್ಷಕರೂ ಕನಿಷ್ಠ ಅರ್ಧದಷ್ಟು ಅವಧಿ ಒಂದೇ ತರಗತಿಯಲ್ಲಿ ಜೊತೆಯಾಗಿ ಪಾಠ ಮಾಡುತ್ತಾರೆ. ಇಬ್ಬರಿಗೂ ಸಂಬಳ ಕೊಡಬೇಕಾದ್ದರಿಂದ ಖರ್ಚು ಹೆಚ್ಚು. ನಮ್ಮಲ್ಲಿ ಅಡ್ಡಿಯಾಗುವುದೂ ಅದೇ.

ಹತ್ತಿರದಲ್ಲೇ ಹುಬ್ಬಳ್ಳಿಯ ದೇಶಪಾಂಡೆ ಪ್ರತಿಷ್ಠಾನ ಗ್ರಾಮೀಣ ಯುವಜನರಿಗೆ ಇಂಗ್ಲಿಷ್ ಸಂವಹನವನ್ನೂ ಒಳಗೊಂಡ ವಸತಿ ಸಹಿತ ಕೌಶಲ ತರಬೇತಿ ನೀಡುತ್ತಿದೆ. ಅದರ ಕೌಶಲಾಭಿವೃದ್ಧಿ ಕೇಂದ್ರವನ್ನು 2020ರ ಫೆಬ್ರುವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಉದ್ಘಾಟಿಸಿದ್ದರು. ಆದರೆ ತಾಲ್ಲೂಕು ಕೇಂದ್ರದ ಐಟಿಐಗೆ ಬಸ್ಸಿನಲ್ಲಿ ಹೋಗಿ ಬರುವವರಿಗೆ ಅಂಥ ಕಲಿಕೆ ಅಲ್ಲಿಯೇ ಸಿಗಬೇಕು.

ಹಾಗೆ ನೋಡಿದರೆ ಈ ನೆಲಕ್ಕೆ ಇದು ಹೊಸ ವಿದ್ಯೆಯೇನೂ ಅಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವ ಮನೆಗಳಲ್ಲಾಗಲಿ, ನವಲಗುಂದದ ಜಮಖಾನೆ ನೇಯುವ ಹೆಂಗಸರಲ್ಲಾಗಲಿ ಕೆಲಸಕ್ಕೊಂದು, ಮಾತಿಗೊಂದು ಎಂಬ ಬೇರೆ ಪಾಠಗಳಿರಲಿಲ್ಲ. ಕೈಗೆ ಉಪಕರಣ ಬರುವಾಗಲೇ ಬಾಯಿಗೆ ಅದರ ಹೆಸರೂ ಬರುತ್ತಿತ್ತು.

ಹೊರಗಿನಿಂದ ಬಂದ ಮೇಲ್ವಿಚಾರಕರ ಕನ್ನಡ ಕಲಿಕೆಗೂ ಇದೇ ಮಾತು ಸಲ್ಲುತ್ತದೆ. ವರ್ಣಮಾಲೆಯಿಂದ ಶುರುವಾಗುವ ಸಂಜೆಯ ತರಗತಿ ಬೇಡವೆಂದಲ್ಲ. ಆದರೆ ಪ್ರೆಸ್ಸಿನ ಕೆಳಗೆ ಕೈಯಿಟ್ಟವನಿಗೆ ‘ಏ, ಕೈ ತಗೀ’ ಎಂದು ಕೂಗಲು ಅವರಿಗೆ ಮೊದಲ ದಿನವೇ ಬರಬೇಕು.