ಉಕ್ಕು ಮತ್ತು ಹಕ್ಕು: ವಿಶಾಖಪಟ್ಟಣದ ಚಳವಳಿ ನಮಗೆ ಕಲಿಸುವುದೇನು?

ಜನಚಳವಳಿಯೊಂದು ಸಮಾಜದ ಮೇಲೆ ಬೀರಿದ ಪರಿಣಾಮವನ್ನು ಅಳೆಯುವುದು ಹೇಗೆ? ಬೇಡಿಕೆ ಈಡೇರಿದರೆ ಗೆಲುವು, ಈಡೇರದಿದ್ದರೆ ಸೋಲು ಎಂದು ಹೇಳಿಬಿಡುವುದು ಸುಲಭ. ಆದರೆ ಅಧ್ಯಯನಕ್ಕೆ ಇಳಿದವರು ಇನ್ನೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ. ಅದಕ್ಕಾಗಿ ಬೆಲೆ ತೆತ್ತವರು ಯಾರು? ಫಲ ಉಂಡವರು ಯಾರು? ಹೋರಾಟ ಮುಗಿದ ಮೇಲೆ ಜನಮನದಲ್ಲಿ ಉಳಿದದ್ದೇನು? ಈ ಪ್ರಶ್ನೆಗಳಿಗೆ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಚಳವಳಿಗಿಂತ ಉತ್ತಮ ಉದಾಹರಣೆ ನೆರೆರಾಜ್ಯದಲ್ಲಿ ದೊರೆಯುವುದು ಕಷ್ಟ. ‘ವಿಶಾಖ ಉಕ್ಕು – ಆಂಧ್ರುಲ ಹಕ್ಕು’ ಎಂಬ ಅದರ ಘೋಷಣೆ ಕನ್ನಡಿಗರಿಗೆ ಅನುವಾದವಿಲ್ಲದೆಯೇ ಅರ್ಥವಾಗುತ್ತದೆ. ಉಕ್ಕು, ಹಕ್ಕು ಎರಡೂ ನಮ್ಮ ಮಾತುಗಳೇ. ಆ ಕಥೆಯಲ್ಲಿಯೂ ನಮ್ಮ ಪಾಲೊಂದಿದೆ.

1966ರ ಹೋರಾಟ

1965ರಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ತಜ್ಞರ ತಂಡವೊಂದು ದಕ್ಷಿಣ ಭಾರತದಲ್ಲಿ ಉಕ್ಕಿನ ಕಾರ್ಖಾನೆಗೆ ವಿಶಾಖಪಟ್ಟಣವೇ ಸೂಕ್ತವೆಂದು ಅಭಿಪ್ರಾಯಪಟ್ಟಿತು. ಬಂದರಿನ ಸೌಕರ್ಯ ಅದಕ್ಕಿದ್ದ ಬಲ. ಅದೇ ಕಾಲಕ್ಕೆ ಅಂದಿನ ಮೈಸೂರು ರಾಜ್ಯ ಹೊಸಪೇಟೆಗಾಗಿಯೂ, ಮದರಾಸು ರಾಜ್ಯ ಸೇಲಂಗಾಗಿಯೂ ಒತ್ತಾಯಿಸುತ್ತಿದ್ದವು. ಕೇಂದ್ರದ ನಿರ್ಧಾರ ಮುಂದೆ ಮುಂದೆ ಹೋದಂತೆ ಆಂಧ್ರದಲ್ಲಿ ಅಸಮಾಧಾನ ಹೊಗೆಯಾಡಿತು. 1966ರ ಅಕ್ಟೋಬರಿನಲ್ಲಿ ಗುಂಟೂರು ಜಿಲ್ಲೆಯ ಟಿ. ಅಮೃತರಾವ್ ಅವರು ವಿಶಾಖಪಟ್ಟಣದಲ್ಲಿ ಉಪವಾಸ ಸತ್ಯಾಗ್ರಹಕ್ಕೆ ಕುಳಿತರು. ವಿದ್ಯಾರ್ಥಿಗಳು ಬೀದಿಗಿಳಿದರು. ವಿಜಯವಾಡ, ಗುಂಟೂರು ಮೊದಲಾದ ಊರುಗಳಿಗೂ ಚಳವಳಿ ಹಬ್ಬಿತು. ನವೆಂಬರ್ 1ರಂದು ವಿಶಾಖಪಟ್ಟಣದಲ್ಲಿ ಪೊಲೀಸರ ಗೋಲಿಬಾರಿನಲ್ಲಿ ಪ್ರಾಣಹಾನಿಯಾಯಿತು. ರಾಜ್ಯದಾದ್ಯಂತ 32 ಮಂದಿ ಮಡಿದರೆಂಬುದು ಇಂದಿಗೂ ಸ್ಮರಣಸಭೆಗಳಲ್ಲಿ ಕೇಳಿಬರುವ ಲೆಕ್ಕ. ನವೆಂಬರ್ ಒಂದು ನಮಗೆ ರಾಜ್ಯೋದಯದ ದಿನ, ಅವರಿಗೂ 1956ರಲ್ಲಿ ರಾಜ್ಯ ಉದಯಿಸಿದ ದಿನ. ಅದೇ ದಿನ ಅಲ್ಲಿ ರಕ್ತ ಹರಿದದ್ದು ಆ ನೆನಪನ್ನು ಇನ್ನಷ್ಟು ಗಾಢಗೊಳಿಸಿದೆ. ಚಳವಳಿಯ ನಾಯಕರಲ್ಲೊಬ್ಬರಾದ ತೆನ್ನೇಟಿ ವಿಶ್ವನಾಥಂ ಅವರನ್ನು 1967ರ ಚುನಾವಣೆಯಲ್ಲಿ ವಿಶಾಖಪಟ್ಟಣದ ಜನ ಲೋಕಸಭೆಗೆ ಕಳುಹಿಸಿದರು.

ಒಂದೇ ದಿನದ ಮೂರು ಘೋಷಣೆಗಳು

1970ರ ಏಪ್ರಿಲ್ 17ರಂದು ಪ್ರಧಾನಿ ಇಂದಿರಾ ಗಾಂಧಿಯವರು ಸಂಸತ್ತಿನಲ್ಲಿ ಮೂರು ಉಕ್ಕಿನ ಕಾರ್ಖಾನೆಗಳನ್ನು ಒಟ್ಟಿಗೇ ಘೋಷಿಸಿದರು. ಅವು ವಿಶಾಖಪಟ್ಟಣ, ಸೇಲಂ ಮತ್ತು ಹೊಸಪೇಟೆ ಬಳಿಯ ವಿಜಯನಗರ. 1971ರಲ್ಲಿ ವಿಶಾಖಪಟ್ಟಣದಲ್ಲಿಯೂ ನಮ್ಮ ತೋರಣಗಲ್ಲಿನಲ್ಲಿಯೂ ಶಿಲಾನ್ಯಾಸ ನಡೆಯಿತು. ವಿಶಾಖಪಟ್ಟಣದ ಕಾರ್ಖಾನೆಯ ಮೊದಲ ಊದುಕುಲುಮೆ 1990ರಲ್ಲಿ ಉರಿಯಿತು. 1992ರಲ್ಲಿ ಪ್ರಧಾನಿ ಪಿ.ವಿ. ನರಸಿಂಹರಾವ್ ಅವರು ಕಾರ್ಖಾನೆಯನ್ನು ರಾಷ್ಟ್ರಕ್ಕೆ ಅರ್ಪಿಸಿದರು. ತೋರಣಗಲ್ಲಿನಲ್ಲಿ ಸರಕಾರಿ ಕಾರ್ಖಾನೆ ಬರಲೇ ಇಲ್ಲ. 1990ರ ದಶಕದಲ್ಲಿ ಅಲ್ಲಿಗೆ ಖಾಸಗಿಯಾಗಿ ಬಂದ ಜಿಂದಾಲ್ ಕಾರ್ಖಾನೆ ಇಂದು ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು.

ಇದರಿಂದ ‘ಹೋರಾಡಿದವರು ಪಡೆದರು, ಹೋರಾಡದವರು ಕಳೆದುಕೊಂಡರು’ ಎಂದು ತೀರ್ಮಾನಿಸುವುದು ಆತುರವಾದೀತು. ಹಣಕಾಸು, ತಂತ್ರಜ್ಞಾನ, ಬಂದರು, ದೆಹಲಿಯ ರಾಜಕಾರಣ ಎಲ್ಲವೂ ತಮ್ಮ ತಮ್ಮ ಪಾತ್ರವನ್ನು ವಹಿಸಿವೆ. ಆದರೆ ವ್ಯತ್ಯಾಸವೊಂದು ಸ್ಪಷ್ಟ. ವಿಶಾಖಪಟ್ಟಣದ ಜನರಿಗೆ ಆ ಕಾರ್ಖಾನೆ ತಮ್ಮವರು ಪ್ರಾಣ ತೆತ್ತು ಗಳಿಸಿದ ಆಸ್ತಿ. ಅಂತಹ ಭಾವನೆ ಲೆಕ್ಕಪತ್ರಗಳಲ್ಲಿ ಕಾಣುವುದಿಲ್ಲ. ಸಂಕಟದ ಹೊತ್ತಿನಲ್ಲಿ ಮಾತ್ರ ಎದ್ದು ನಿಲ್ಲುತ್ತದೆ.

ಬೆಲೆ ತೆತ್ತವರು

ಗುಂಡಿಗೆ ಬಲಿಯಾದವರಷ್ಟೇ ಬೆಲೆ ತೆತ್ತವರಲ್ಲ. ಕಾರ್ಖಾನೆಗಾಗಿ 60ಕ್ಕೂ ಹೆಚ್ಚು ಹಳ್ಳಿಗಳ ಸುಮಾರು 22,000 ಎಕರೆ ಭೂಮಿಯನ್ನು ವಶಪಡಿಸಿಕೊಳ್ಳಲಾಯಿತು. ನೆಲ ಬಿಟ್ಟುಕೊಟ್ಟ ಕುಟುಂಬಗಳಿಗೆ ಪುನರ್ವಸತಿ ಕಾರ್ಡುಗಳು ಸಿಕ್ಕವು, ಕೆಲವರಿಗೆ ಉದ್ಯೋಗವೂ ಸಿಕ್ಕಿತು. ಇನ್ನುಳಿದವರ ಮಕ್ಕಳು, ಮೊಮ್ಮಕ್ಕಳು ಆ ಕಾರ್ಡುಗಳನ್ನು ಹಿಡಿದು ಕಾಯುತ್ತಲೇ ಬಂದರು. ಒಂದು ಚಳವಳಿಯ ಗೆಲುವಿನೊಳಗೇ ಮತ್ತೊಂದು ಅಳಲು ಹುಟ್ಟಿತು. ಚಳವಳಿಯನ್ನು ಅಧ್ಯಯನ ಮಾಡುವವರು ನಾಯಕರ ಭಾಷಣಗಳಷ್ಟೇ ಶ್ರದ್ಧೆಯಿಂದ ಈ ನಿರ್ವಸಿತರ ಮಾತುಗಳನ್ನೂ ದಾಖಲಿಸಬೇಕೆಂಬುದು ನಮ್ಮ ಅಭಿಪ್ರಾಯ.

ಮರುಹುಟ್ಟು

2021ರ ಜನವರಿಯಲ್ಲಿ ಕಾರ್ಖಾನೆಯಿಂದ ನೂರಕ್ಕೆ ನೂರು ಬಂಡವಾಳ ಹಿಂತೆಗೆಯಲು ಕೇಂದ್ರ ಸಚಿವ ಸಂಪುಟದ ಸಮಿತಿ ಒಪ್ಪಿಗೆಯಿತ್ತಿತು. ಕೆಲವೇ ದಿನಗಳಲ್ಲಿ 1966ರ ಘೋಷಣೆಗೆ ಮತ್ತೆ ಜೀವ ಬಂತು. ಕೂರ್ಮನ್ನಪಾಲೆಂನಲ್ಲಿ ಆರಂಭವಾದ ಸರದಿ ಉಪವಾಸ ಸಾವಿರ ದಿನಗಳನ್ನೂ ದಾಟಿತು. ಪರಸ್ಪರ ಬದ್ಧವೈರಿಗಳಾದ ಕಾರ್ಮಿಕ ಸಂಘಗಳು ಒಂದೇ ಚಪ್ಪರದಡಿ ಕುಳಿತವು. ರಾಜ್ಯ ವಿಧಾನಸಭೆಯೂ ಖಾಸಗೀಕರಣದ ವಿರುದ್ಧ ನಿರ್ಣಯ ಕೈಗೊಂಡಿತು. ಅದೇ ಏಪ್ರಿಲಿನಲ್ಲಿ ಕೋವಿಡ್ ಉಲ್ಬಣಿಸಿದಾಗ ದೇಶದ ಮೊದಲ ಆಮ್ಲಜನಕ ರೈಲು ತುಂಬಿಕೊಂಡು ಹೊರಟದ್ದು ಇಲ್ಲಿಂದಲೇ, ಮಹಾರಾಷ್ಟ್ರದ ಕಡೆಗೆ.

ಕಾರ್ಮಿಕರ ಮುಖ್ಯ ವಾದ ಸರಳವಾದದ್ದು: ತಮಗೆ ಸ್ವಂತ ಕಬ್ಬಿಣದ ಗಣಿಯಿಲ್ಲ, ಅದಿರನ್ನು ಹೊರಗಿನಿಂದ ಕೊಳ್ಳಬೇಕು, ನಷ್ಟಕ್ಕೆ ಅದೇ ದೊಡ್ಡ ಕಾರಣ. ಸಾಲದ ಹೊರೆ ಮತ್ತು ಮಾರುಕಟ್ಟೆಯ ಏರಿಳಿತವೂ ಕಾರಣವೆಂಬುದು ಮತ್ತೊಂದು ವಾದ. 2025ರ ಜನವರಿಯಲ್ಲಿ ಕೇಂದ್ರ ಸರಕಾರ 11,440 ಕೋಟಿ ರೂಪಾಯಿಗಳ ಪುನಶ್ಚೇತನ ನೆರವನ್ನು ಪ್ರಕಟಿಸಿತು. ಆದರೆ ಅದೇ ವರ್ಷ ಗುತ್ತಿಗೆ ಕಾರ್ಮಿಕರನ್ನು ಕೆಲಸದಿಂದ ಬಿಡಿಸುವುದರ ವಿರುದ್ಧ ಮತ್ತೆ ಪ್ರತಿಭಟನೆಗಳು ನಡೆದವು. ಈ ನಡುವೆ, ನಮ್ಮ ಮಂಡ್ಯದಂತೆ ಬೆಲ್ಲಕ್ಕೆ ಹೆಸರಾದ, 2022ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಪಕ್ಕದ ಅನಕಾಪಲ್ಲಿಯ ನಕ್ಕಪಲ್ಲಿ ಬಳಿ ದೊಡ್ಡ ಖಾಸಗಿ ಉಕ್ಕಿನ ಕಾರ್ಖಾನೆಯೊಂದಕ್ಕೆ ರಾಜ್ಯ ಸರಕಾರ 2024ರಲ್ಲಿ ಒಪ್ಪಿಗೆ ನೀಡಿತು. ಭೂಮಿ ಕೊಡುವವರು ಯಾರು, ಉದ್ಯೋಗ ಪಡೆಯುವವರು ಯಾರು ಎಂಬ ಹಳೆಯ ಪ್ರಶ್ನೆಗಳು ಅಲ್ಲಿಯೂ ಏಳುವುದು ಸಹಜ.

ನಮ್ಮ ಮನೆಯ ಮಾತು

ಇದು ದೂರದ ಕಥೆಯಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಕನಸಾಗಿ, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದದ್ದು ಸರಿಯಾಗಿ ನೂರು ವರ್ಷಗಳ ತರುವಾಯ, 2023ರ ಜನವರಿಯಲ್ಲಿ. ಅಲ್ಲಿಯೂ ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷ ಭಾಗಶಃ ಕೆಲಸ ಪುನರಾರಂಭವಾಯಿತು. ಆದರೆ ಭದ್ರಾವತಿಯ ಕೂಗು ಭದ್ರಾವತಿಯಾಚೆಗೆ ಎಷ್ಟು ಮನೆಗಳನ್ನು ಮುಟ್ಟಿತು ಎಂದು ಪ್ರತಿಯೊಬ್ಬ ಕನ್ನಡಿಗನೂ ತನ್ನನ್ನು ತಾನು ಕೇಳಿಕೊಳ್ಳಬೇಕಾಗಿದೆ.

ವಿಶಾಖಪಟ್ಟಣದ ಚಳವಳಿ ಕಾರ್ಖಾನೆಯನ್ನು ತಂದಿತು. ಅದನ್ನು ಸುಭದ್ರಗೊಳಿಸಲು ಅದಕ್ಕೆ ಇನ್ನೂ ಸಾಧ್ಯವಾಗಿಲ್ಲ. ಆದರೆ ಸಾರ್ವಜನಿಕ ಆಸ್ತಿಯೊಂದು ತನ್ನದೆಂಬ ಭಾವನೆಯನ್ನು ಅದು ಮೂರು ತಲೆಮಾರುಗಳಿಗೆ ದಾಟಿಸಿದೆ. ಚಳವಳಿಯ ಪರಿಣಾಮವನ್ನು ಅಳೆಯುವಾಗ ಈ ಗಳಿಕೆಯನ್ನೂ ನಿರ್ವಸಿತರ ನೋವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕು. ನಮ್ಮ ಮನೆಗಳಲ್ಲಿ ಭದ್ರಾವತಿಯಲ್ಲೋ, ತೋರಣಗಲ್ಲಿನಲ್ಲೋ ದುಡಿದ ಹಿರಿಯರಿದ್ದರೆ, ಅವರ ಅನುಭವಗಳನ್ನು ಇಂದೇ ಬರೆದಿಟ್ಟುಕೊಳ್ಳೋಣ. ನಾಳಿನ ಇತಿಹಾಸಕಾರನಿಗೆ ನಾವು ಕೊಡಬಹುದಾದ ಕಾಣಿಕೆ ಅದು.